ಉಪ್ಪಿನ ಪರೀಕ್ಷೆ

ಇಪ್ಪತ್ತಾರು ವರ್ಷವಾಯಿತು, ಮಂಗಳೂರಿನ ಈ ಗುಡ್ಡೆ ಮೇಲಿನ ಕಾಲೇಜಿನಲ್ಲಿ
ಪ್ರಾಕ್ಟಿಕಲ್ಲಿನ ಹಿಂದಿನ ಸಂಜೆ ಬಿಳಿ ಪುಡಿ ಕಟ್ಟುವವಳು ನಾನೇ.
ಒಂದೊಂದು ಪೊಟ್ಟಣಕ್ಕೆ ಒಂದೊಂದು ನಂಬರು.
ಒಳಗೆ ಯಾವ ಉಪ್ಪೆಂದು
ಪ್ರೊಫೆಸರರಿಗೆ ಪಟ್ಟಿ ತೆಗೆದರೆ ಗೊತ್ತು,
ನನಗೆ ಬರಿಗಣ್ಣಿಗೆ ಗೊತ್ತು.

ಬಾಯಿ ಬಿಡಬಾರದು. ಬಿಟ್ಟಿಲ್ಲ.
ಒಂದು ಸಲ ಬಿಟ್ಟೆ.
ಬೆಂಗ್ರೆಯ ರಮ್ಲತ್, ದೋಣಿ ತಪ್ಪಿ ತಡವಾಗಿ ಬಂದವಳು,
ಟೆಸ್ಟ್ ಟ್ಯೂಬ್ ಹಿಡಿದ ಕೈ ಗಡಗಡ.
ನೆಲ ಒರೆಸುತ್ತ ಹತ್ತಿರ ಹೋಗಿ
ನೆಲಕ್ಕೇ ಬೈದ ಹಾಗೆ ಹೇಳಿದೆ:
"ಮೂಗು ಎಂತಕ್ಕೆ ಉಂಟು?"
ಸಿಕ್ಕಿತು ಅವಳಿಗೆ ಅಮೋನಿಯ.
ಈಗ ಊರಿಗೆ ಬಿಡುವ ನೀರಿನ ಲ್ಯಾಬಿನಲ್ಲಿದ್ದಾಳೆ,
ಅವಳು ಸಹಿ ಹಾಕಿದ ಮೇಲೆ ನನ್ನ ನಳ್ಳಿಯಲ್ಲಿ ನೀರು.

"ಬಿಎಸ್ಸಿ ಮಾಡಿದರೆ ಎಂತ ಸಿಗ್ತದೆ ವಾರಿಜಕ್ಕ?"
ಹಲಸಿನ ಹಣ್ಣಿನ ಜೊತೆಗೇ ವರ್ಷವರ್ಷ ಬರುವ ಪ್ರಶ್ನೆ.
ಎಂತ ಹೇಳಲಿ?
ಭೌತಶಾಸ್ತ್ರಕ್ಕೆ ಎರಡು ಸಲ ಕೂತ ವಿಲ್ಫಿ
ಈಗ ಬಂದರಿನ ತಕ್ಕಡಿಗಳಿಗೆ ಮುದ್ರೆ ಒತ್ತುವ ಇನ್ಸ್‌ಪೆಕ್ಟರು,
ಬಂಗುಡೆಯಲ್ಲಿ ನೂರು ಗ್ರಾಂ ನುಂಗುವವರು
ಅವನ ಬೈಕಿನ ಶಬ್ದಕ್ಕೇ ಬೆವರುತ್ತಾರೆ.
ಜಿರಳೆ ಕೊಯ್ಯಲಾರದೆ ಅತ್ತ ಸುಪ್ರಭಾ
ಸಿಗಡಿಯ ಕಂಟೇನರು ಹಡಗು ಹತ್ತುವ ಮುಂಚೆ
ಕಣ್ಣಿಗೆ ಕಾಣದ ಜೀವಗಳ ತಲೆ ಎಣಿಸುತ್ತಾಳೆ.
ಒಬ್ಬ ಹಂಪನಕಟ್ಟೆಯಲ್ಲಿ ಮೊಬೈಲಿಗೆ ಗ್ಲಾಸು ಅಂಟಿಸುತ್ತಾನೆ,
ಒಂದು ಗುಳ್ಳೆ ಬಾರದ ಹಾಗೆ,
"ಅಕ್ಕ, ಇದೂ ನಿಮ್ಮ ಲ್ಯಾಬಿನ ಕೈಯೇ" ಎಂದು ನಗುತ್ತಾನೆ,
ಆ ನಗುವಿಗೆ ನನಗೆ ಉತ್ತರ ಇಲ್ಲ.
ರ‍್ಯಾಂಕ್ ಬಂದವನು ಎಲ್ಲಿದ್ದಾನೋ ತಿಳಿಯದು.
ಬೀಕರು ತೊಳೆದಿಟ್ಟು ಹೋದವನಲ್ಲ ಅವನು.

ಈ ವರ್ಷ ಪ್ರಶ್ನೆ ನಮ್ಮ ಹೊಯ್ಗೆಬಜಾರಿನ ಮನೆಗೇ ಬಂತು.
ನೀಟ್ ದಾಟಲಿಲ್ಲ ನಿರೀಕ್ಷಾ.
ನಾದಿನಿ ನರ್ಸಿಂಗ್ ಎಂದಳು.
ಇವರು ಐಸಿನ ಟೆಂಪೋದ ಕೀಲಿ ಹುಡುಕುತ್ತ
"ಬಿಕಾಂ ಆದರೆ ಬ್ಯಾಂಕಾದರೂ ಉಂಟು" ಎಂದರು.
ಅರ್ಜಿಯಲ್ಲಿ ಮೂರು ಖಾಲಿ ಚೌಕ, ನಾಳೆ ನಾಲ್ಕಕ್ಕೆ ಕೊನೆ.
"ನೀನು ಹೇಳಮ್ಮ."
ಊರವರ ಪೊಟ್ಟಣವೆಲ್ಲ ಗೊತ್ತಿದ್ದವಳು
ಪಟ್ಟಿ ಇಲ್ಲದೆ ನಿಂತೆ.

ರಾತ್ರಿ ಅವಳ ಮೇಜು ಒರೆಸುವಾಗ ಒಂದು ಹಳೇ ನೋಟ್ ಬುಕ್.
ಎಂಟನೇ ಕ್ಲಾಸಿನ ಉರುಟು ಅಕ್ಷರ:
ಇವತ್ತು ಬಾವಿ ನೀರು ಉಪ್ಪಾಯಿತು. ಏಪ್ರಿಲ್ ಹದಿನಾಲ್ಕು.
ಮರುವರ್ಷ ಒಂಬತ್ತು. ಆಮೇಲೆ ಹನ್ನೊಂದು. ಆಮೇಲೆ ಎರಡು.
ಈ ಸಲ ಮಾರ್ಚ್ ಇಪ್ಪತ್ತಾರು.
ಪಕ್ಕದಲ್ಲಿ: ಲಿಲ್ಲಿ ಬಾಯಿಯ ಬಾವಿ ಇನ್ನೂ ಸಿಹಿ. ಯಾಕೆ?
ಯಾಕೆಯ ಕೆಳಗೆ ಎರಡು ಗೆರೆ.
ಅದೇ ಬಾವಿಯ ನೀರಲ್ಲಿ ಗಂಜಿ ಬೇಯಿಸುತ್ತ ನಾನು
"ಇನ್ನು ಉಪ್ಪು ಹಾಕುವುದು ಬೇಡ" ಎಂದಷ್ಟೇ ಅಂದುಕೊಂಡಿದ್ದೆ.

ಬೆಳಿಗ್ಗೆ ಒಂದು ಬಾಟಲಿ ಬಾವಿ ನೀರು, ಅವಳು, ನಾನು.
ಲ್ಯಾಬಿನ ಬೀಗ ತೆಗೆದೆ. ಕೇಳಿದರೆ ಧೂಳು ಹೊಡೆಯಲು ಎನ್ನುವುದು.
ಕಂದು ಶೀಷೆಯಿಂದ ಸಿಲ್ವರ್ ನೈಟ್ರೇಟು, ಎರಡೇ ಹನಿ.
ತಿಳಿನೀರಿನೊಳಗೆ ಮೊಸರು ಒಡೆಯಿತು.
ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದಳು.
"ಎಷ್ಟು ಉಂಟು ಅಂತ ಹೇಗೆ ಅಳೆಯುವುದು?"
ಬ್ಯೂರೆಟ್ ತೋರಿಸಿದೆ.
ಹನಿ ಬಿಡುವುದು ಸಾವಿರ ಸಲ ನೋಡಿದ್ದೇನೆ ಮಗಾ,
ಲೆಕ್ಕ ನನಗೆ ಬರುವುದಿಲ್ಲ.

ಮೂರೂವರೆಗೆ ಕೌಂಟರಿನಲ್ಲಿ ಗುಮಾಸ್ತರು
ಅರ್ಜಿ ಈಚೆ ಎಳೆದುಕೊಳ್ಳುತ್ತ ಅವಳ ಬೆರಳು ಕಂಡರು,
ಬಿಸಿಲಿಗೆ ಕಪ್ಪೇರಿದ ಕಲೆ.
"ಎಂತ ಮಾರಾಯ್ತಿ, ವೋಟು ಹಾಕಿ ಬಂದದ್ದಾ?"
ಅವಳು ನಕ್ಕಳು.
ಚೌಕದಲ್ಲಿ ಎಂತ ಬರೆದಿದ್ದಾಳೆಂದು
ನಾನು ಬಗ್ಗಿ ನೋಡಲಿಲ್ಲ.
ಸೆರಗಿನ ತುದಿ ಸುತ್ತಿಕೊಂಡ ನನ್ನ ಬೆರಳುಗಳೂ ಕಪ್ಪು,
ಯಾವ ವರ್ಷದಿಂದಲೋ.