ಮೂರನೇ ಕಿಟಕಿ

ಬ್ಲೇಡು, ಬಿಸಿನೀರು, ಹಳೇ ಬನಿಯನ್ನಿನ ಚೂರು,
ಇಷ್ಟೇ ನನ್ನ ಹತಾರ.
ಗಾಜಿಗಂಟಿದ ಪರವಾನಗಿಯನ್ನು ಹರಿಯದಂತೆ ಎಬ್ಬಿಸಬೇಕು,
ಹರಿದರೆ ಠೇವಣಿಯ ಮಾತು ಕಷ್ಟ.

ನುಯೆವೊ ಲಾರೆಡೊ. ಮಧ್ಯಾಹ್ನ ಎರಡು.
ನೀಲಿ ಟ್ರಕ್ಕೊಂದು ಸಾಲಿನಲ್ಲಿ ಕೆಮ್ಮುತ್ತಿತ್ತು,
ಟೆಕ್ಸಾಸಿನ ನಂಬರು, ಸಕಾತೆಕಾಸಿನ ಕೆಂಧೂಳು.
ಸ್ಟೀರಿಂಗಿನ ಹಿಂದೆ ಹೆಂಗಸು,
ಕಾಗದದಲ್ಲಿ ಎವೆಲಿಯೊ ಬಾರ್ರಾಗಾನ್.

"ಇವರು ಬರಲಿಲ್ಲವೆ?"
"ಅಪ್ಪ. ಅಲ್ಲೇ ಉಳಿದರು."
"ನೂರೆಂಬತ್ತು ದಿನ, ತಾಯಿ. ಅದರ ಮೇಲೆ ಉಳಿಯುವಂತಿಲ್ಲ."
ಬಾಯಿಪಾಠ ಒಪ್ಪಿಸಿಬಿಟ್ಟಿದ್ದೆ.
ಅವಳು ಬೈಯಲಿಲ್ಲ. ಇನ್ನೊಂದು ಕಾಗದ ತಳ್ಳಿದಳು,
ಸರ್ಕಾರಿ ಮೊಹರಿನ ಮೇಲೆ
ಯಾರದೋ ಕಾಫಿ ಲೋಟದ ಉಂಗುರ.

ಗಾಡಿಗೆ ಗಡುವಿದೆ, ಎಂಜಿನ್ನಿನ ಅಂಕಿಗಿದೆ.
ಸೀಟಿನಡಿ ಸಿಕ್ಕ ಒಂಟಿ ಕೈಗವಸಿಗೆ
ನನ್ನ ಫಾರಮ್ಮಿನಲ್ಲಿ ಕಾಲಮ್ಮಿಲ್ಲ.

ಮೆಲ್ಲಗೆ ಬ್ಲೇಡು ಆಡಿಸಿದೆ,
ಕಾಯಿಲೆಯವರ ಗಡ್ಡ ಹೆರೆಯುವ ಹಾಗೆ.
ಇಡಿಯಾಗಿ ಬಂತು.
ಇನ್ನೂರು ಡಾಲರು ಎರಡು ಸಲ ಎಣಿಸಿ ಕೊಟ್ಟೆ,
ಅವಳು ಎಣಿಸಲಿಲ್ಲ.

ಗಾಜಿನಲ್ಲಿ ಅಂಟಿನ ಚೌಕ ಉಳಿದಿತ್ತು.
"ಒರೆಸಿಕೊಡಲೆ?" ಅಂದೆ.
ಹಿಂದಿನವನು ಹಾರನ್ನು ಬಡಿದ.
"ಇರಲಿ ಬಿಡಿ" ಅಂದಳೋ, "ಇರಲಿಬಿಡಬೇಕಿತ್ತು" ಅಂದಳೋ,
ಟ್ರಕ್ಕು ಸೇತುವೆ ಹತ್ತಿತು.