ತೂಕದ ಮನೆ

ಮೂವತ್ತೊಂದು ವರ್ಷ ಕಾರ್ಖಾನೆಯ ತೂಕದ ಮನೆಯಲ್ಲಿ
ರಾತ್ರಿ ಪಾಳಿ ನನ್ನದು.
ಕಬ್ಬಿನ ಲಾರಿ ಹತ್ತುತ್ತಿತ್ತು, ಮುಳ್ಳು ನಡುಗಿ ನಿಲ್ಲುತ್ತಿತ್ತು,
ಹದಿನೆಂಟು ಟನ್ನು, ಇಪ್ಪತ್ತೊಂದು ಟನ್ನು,
ಬರೆದು ಚೀಟಿ ಹರಿದು ಕೊಡುತ್ತಿದ್ದೆ.
ಈಗ ಅಕ್ಕಸಾಲಿ ನಂಜಾಚಾರಿಯಿಂದ ಕಡ ತಂದ ತಕ್ಕಡಿಯಲ್ಲಿ
ತೊಂಬತ್ತೆರಡು ಗ್ರಾಮು.
ನಿನ್ನೆ ತೊಂಬತ್ತನಾಲ್ಕಿತ್ತು.
ಎರಡು ಗ್ರಾಮು ಎಲ್ಲಿ ಹೋಯಿತೆಂದು
ನನಗೆ ನಿದ್ದೆಯಿಲ್ಲ.

ಶುಗರ್ ಗ್ಲೈಡರ್ ಅಂತೆ ಹೆಸರು.
ಇರುವುದು ಮಂಡ್ಯ, ಸಕ್ಕರೆಯ ಊರು.
ನನ್ನ ರಕ್ತದಲ್ಲಿರುವುದಕ್ಕೂ ಜನ ಶುಗರ್ ಅನ್ನುತ್ತಾರೆ.
ಮೂರನೆಯದಾಗಿ ಬಂತು ಇದು, ಪಂಜರದ ಸಮೇತ,
ಮಹಡಿಯ ಬಾಡಿಗೆ ಹುಡುಗಿ ಲಿಖಿತಾ
ನರ್ಸಿಂಗ್ ಮುಗಿಸಿ ಕೋಣೆ ಬಿಟ್ಟ ದಿನ.
ಜೋಡಿಯಿತ್ತು, ಒಂದು ಸತ್ತಿತ್ತು.
‘ಸಕ್ಕರೆ ಮಾತ್ರ ಹಾಕ್ಬೇಡಿ ಅಂಕಲ್’ ಅಂದಳು.
ನನಗೂ ಯಾರೋ ಹಾಗೇ ಅಂದಿದ್ದರು.

ಸಂಜೆ ಏಳಕ್ಕೆ ಚಿಕ್ಕತಾಯಮ್ಮ ಪರಂಗಿ ಹಣ್ಣು ಹೆಚ್ಚುತ್ತಾಳೆ.
ಅದಕ್ಕೆ ಕಡಲೆಕಾಳಿನಷ್ಟು ಮೂರು ಚೂರು,
ನನಗೆ ಎರಡು ಹೋಳು, ಇಬ್ಬರೂ ಪಥ್ಯದವರು.
ಬೆಂದ ಮೊಟ್ಟೆ ಒಂದು ಚಿಟಿಕೆ, ಮೇಲೆ ಕ್ಯಾಲ್ಸಿಯಂ ಪುಡಿ
(ಎಲೆಗೆ ಹಚ್ಚುವ ಸುಣ್ಣ ಅಲ್ಲ ಕಣೇ, ಅಂದೆ ಮೊದಲ ದಿನ),
ಆಮೇಲೆ ಹುಳ.
ಜನ್ಮವಿಡೀ ಹಿಟ್ಟು ಜರಡಿ ಹಿಡಿದು ಅವಳು ಬೀದಿಗೆಸೆದ ಹುಳ
ಈಗ ಡಬ್ಬಿಯಲ್ಲಿದೆ, ಬೂಸಾದ ಹಾಸಿಗೆ, ಕ್ಯಾರೆಟ್ಟಿನ ಊಟ.
ಸಾಕಿದ್ದನ್ನು ಸಾಕಲು ಇನ್ನೊಂದನ್ನು ಸಾಕುವುದು.
‘ಸಾಕು’ ಅಂದಳು.
ನಿಲ್ಲಿಸು ಎಂಬ ಸಾಕೋ, ನೀನೇ ಸಾಕಿಕೋ ಎಂಬ ಸಾಕೋ,
ಕೇಳಲಿಲ್ಲ.

ಒಂದಿನ ಚಪಲಕ್ಕೆ ಬೆರಳುದ್ದ ಕಬ್ಬು ಸೀಳಿ ಕೊಟ್ಟೆ.
ಎರಡೂ ಕೈಯಲ್ಲಿ ಹಿಡಿದು ಹೀರಿತು,
ಸಿಪ್ಪೆ ಉಂಡೆ ಮಾಡಿ ಉಗಿಯಿತು.
ಥೇಟ್ ಕಾರ್ಖಾನೆ!
ರಾತ್ರಿಯೆಲ್ಲ ಹೆದರಿದೆ, ಏನಾಗುತ್ತದೋ ಎಂದು.
ಏನೂ ಆಗಲಿಲ್ಲ. ಮತ್ತೆ ಕೊಡಲಿಲ್ಲ.

ಆದರೂ ತೂಕ ಇಳಿಯಿತು. ಎಂಬತ್ತೆಂಟು.
ಬಾಲದ ಕೂದಲು ತಾನೇ ಕಿತ್ತುಕೊಂಡಿತು.
ನಡುರಾತ್ರಿ ನಾಯಿಮರಿಯ ಹಾಗೆ ಬೊಗಳುತ್ತಿತ್ತು,
ಒಂದು ಸಲ, ಇನ್ನೊಂದು ಸಲ,
ನಡುವೆ ಉತ್ತರಕ್ಕೆ ಜಾಗ ಬಿಟ್ಟು.

ಎಮ್ಮೆ ನೋಡುವ ಡಾಕ್ಟರು ಕನ್ನಡಕ ಹಣೆಗೇರಿಸಿ
ಅಂಗೈಯಲ್ಲಿ ಅದನ್ನು ತಿರುಗಿಸಿ ನೋಡಿದರು.
‘ಹೊಟ್ಟೇದಲ್ಲ ರೀ. ಇದು ಗುಂಪಿನ ಜೀವ.
ಒಂಟಿಯಾಗಿ ಉಣ್ಣಲ್ಲ.’

ನಾನು ಉಂಡಿದ್ದೇನೆ.
ರಾತ್ರಿ ಎರಡಕ್ಕೆ, ಕ್ಯಾರಿಯರಿನ ಆರಿದ ಮುದ್ದೆ,
ಎದುರಿಗೆ ತೂಕದ ಮುಳ್ಳು.
ಇಲ್ಲಿ ಇವಳೂ ಉಂಡಿದ್ದಾಳೆ, ಅಷ್ಟೇ ವರ್ಷ.
ನಮ್ಮಿಂದ ಇಳಿದ ಗ್ರಾಮುಗಳನ್ನು
ಯಾರೂ ಬರೆದಿಟ್ಟಿಲ್ಲ.

ಮನೆಗೆ ಬಂದು ಹೇಳಿದೆ. ಮಾತಾಡದೆ ಎದ್ದು
ನನ್ನ ರಾತ್ರಿ ಪಾಳಿಯ ಮಫ್ಲರು ಕತ್ತರಿಸಿ
ಚೀಲ ಹೊಲಿಯಲು ಕೂತಳು.
ದಾರ ಕಚ್ಚಿ ಹರಿದು, ‘ಇನ್ನೊಂದ್ ತನ್ನಿ ಅತ್ಲಾಗೆ’ ಅಂದಳು.

ಮೈಸೂರಿಗೆ ಹೋದೆ. ಯಾದವಗಿರಿಯ ಒಂದು ಮನೆಯಲ್ಲಿ
ಮರಿಯಿತ್ತು, ಬೆಚ್ಚಗೆ, ಬಿಚ್ಚದ ಮುಷ್ಟಿಯ ಹಾಗೆ.
ಚೀಲವನ್ನು ಅಂಗಿಯೊಳಗೆ ಎದೆಗೆ ಕಟ್ಟಿ
ಪ್ಯಾಸೆಂಜರ್ ಹತ್ತಿದೆ. ಕಾವೇರಿ ಸೇತುವೆಯ ಸದ್ದಿಗೆ
ಅದು ಒಳಗೇ ಕಿರ್ರೆಂದಿತು, ಕೆಟ್ಟ ಹೊಲಿಗೆ ಯಂತ್ರದಂತೆ.
ಅಂಗೈ ಒತ್ತಿ ಹಿಡಿದೆ.
‘ಎದೆನೋವಾ?’ ಎಂದು ಪಕ್ಕದವರು ನೀರಿನ ಬಾಟಲಿ ಚಾಚಿದರು.
ಹ್ಞೂಂ ಅಂದುಬಿಟ್ಟೆ, ನೀರು ಕುಡಿದೆ.
ಎಲಿಯೂರು ದಾಟುವಾಗ ನಿದ್ದೆ ಮಾಡಿತ್ತು.

ಹದಿನೈದು ದಿನ ಎರಡು ಪಂಜರ ಅಕ್ಕಪಕ್ಕ.
ಮೂಸಿದವು, ಬೈದವು, ಬೊಗಳಿದವು.
ಈಗ ಒಂದೇ ಚೀಲ.

ರಾತ್ರಿ ಎರಡಕ್ಕೆ ಹಳೇ ಚಾಳಿಗೆ ಎಚ್ಚರವಾಗುತ್ತದೆ.
ಫ್ಯಾನು ಆಫ್ ಮಾಡಿ, ಕಿಟಕಿ ಬಾಗಿಲು ಭದ್ರ ಮಾಡಿ ಬಿಡುತ್ತೇನೆ.
ಬೀರುವಿನ ತಲೆಯಿಂದ ಹಾರುತ್ತವೆ,
ಕೈಕಾಲಿನ ನಡುವೆ ಕರ್ಚೀಫು ಹರವಿಕೊಂಡು.
ಒಂದು ಪರದೆಗೆ, ಒಂದು ಚಿಕ್ಕತಾಯಮ್ಮನ ಹೆಗಲಿಗೆ.
ಅವಳೂ ಎದ್ದಿರುತ್ತಾಳೆ.
ಉಳಿದ ಪರಂಗಿ ತಟ್ಟೆ ನಮ್ಮಿಬ್ಬರ ನಡುವೆ.

ತೂಗಲು ಹೋದರೆ ಬಿಡಿಬಿಡಿಯಾಗಿ ಕೂರುವುದೇ ಇಲ್ಲ,
ಒಂದರ ಮೇಲೊಂದು.
ನೂರಾ ಮೂವತ್ತೊಂಬತ್ತು.
ಯಾರದೆಷ್ಟೆಂದು ಬಿಡಿಸದೆ
ಹಾಗೇ ಬರೆದುಕೊಂಡೆ.