ನೂರಕ್ಕೆ ಒಂದು

ತಪ್ಪು ತಾರೀಖು ಬಿದ್ದ ಲಗ್ನಪತ್ರಿಕೆಗಳ
ಬೆನ್ನು ಬೆಳ್ಳಗೇ ಇರುತ್ತದೆ.
ಮುನ್ನೂರು ಜಿಎಸ್ಸೆಮ್ಮು, ಮಡಿಸಿದರೆ ಸೀಳದ ಜಾತಿ.
ಐ.ಜಿ. ರಸ್ತೆಯ ಪ್ರೆಸ್ಸಿನ ಸಾಹುಕಾರರು
ಕಟ್ಟುಕಟ್ಟೇ ನನಗೆ ಬಿಟ್ಟರು.
ಅದರಲ್ಲೇ ಎದ್ದಿತು ಕಾಫಿ ಕ್ಯೂರಿಂಗ್ ವರ್ಕ್ಸು,
ಉಪ್ಪಳ್ಳಿಯ ನಮ್ಮ ಮನೆಯಲ್ಲಿ, ಹೊಲಿಗೆ ಮಿಷಿನ್ನಿನ ಮೇಲೆ,
ಹನ್ನೊಂದು ತಿಂಗಳ ಭಾನುವಾರಗಳಲ್ಲಿ.

ಅಳತೆ ಕೊಡುವವರು ಯಾರೂ ಇರಲಿಲ್ಲ. ಬೀಗ ಬಿದ್ದ ಗೇಟು.
ಗೋಡೆಗೆ ಸೈಕಲ್ ಒರಗಿಸಿ ಫೋಟೋ ತೆಗೆದೆ.
ಸೈಕಲ್ಲಿನಿಂದ ಕಿಟಕಿ, ಕಿಟಕಿಯಿಂದ ಗೋಡೆ,
ಗೋಡೆಯ ನೆರಳಿನಿಂದ ಚಿಮಣಿ.
ನೂರು ಅಡಿಗೆ ಒಂದು ಅಡಿ.
ಗರಗಸದಂಥ ಸೂರು, ಏಳು ಹಲ್ಲು.

ಮುಗಿದ ಬಾಲ್‌ಪೆನ್ನಿನ ಮೂತಿಯಿಂದ
ಮಡಿಕೆಗೆ ಮೊದಲು ಗೀರು ಎಳೆಯಬೇಕು,
ಕಾಗದಕ್ಕೆ ನೋಯುವಷ್ಟು, ಹರಿಯುವಷ್ಟಲ್ಲ.
ಅಂಟಿಗೆ ಬಿಟ್ಟ ಕಿವಿ ಯಾರಿಗೂ ಕಾಣಬಾರದು.
ಚಿಮಣಿಯ ಟೊಪ್ಪಿಯೊಂದೇ ಮೂರು ವಾರ ತಿಂದಿತು.
ದುಂಡನೆಯ ಹಾಳೆ, ಎಷ್ಟು ಬಗ್ಗಿಸಿದರೂ ದೋಸೆ.
ಒಂದು ಹೋಳು ಕತ್ತರಿಸಿ ತೆಗೆದ ಮೇಲೇ
ಎದ್ದು ಶಂಕುವಾಯಿತು.

ಮುಗಿಯಿತು ಅಂದುಕೊಂಡ ಸಂಜೆ ಅವ್ವನನ್ನು ಕರೆದೆ.
ಸೆರಗಲ್ಲಿ ಕೈ ಒರೆಸಿಕೊಂಡು ಬಂದಳು,
ಮೇಜಿನ ಸುತ್ತ ನಡೆದಳು, ಬಗ್ಗಿದಳು,
ಕಿಟಕಿಗೆ ಕಣ್ಣಿಟ್ಟಳು.
"ಒಳಗೇನೂ ಇಲ್ವಲ್ಲೋ."

ಇಲ್ಲ. ನಾನು ಒಳಗೆ ಹೋದವನೇ ಅಲ್ಲ.
ವಾಚ್‌ಮನ್ ಅಂಥೋಣಿ ಮಕ್ಕಳನ್ನು ಗೇಟಿನಾಚೆಗೇ ನಿಲ್ಲಿಸುತ್ತಿದ್ದ.
ಐದಕ್ಕೆ ಸೈರನ್ ಕೂಗಿದರೆ
ಹೊಟ್ಟಿನ ಧೂಳು ಮೆತ್ತಿದ ಹೆಂಗಸರ ಸಾಲಿನಲ್ಲಿ
ನಡಿಗೆಯಿಂದ ಅವ್ವನನ್ನು ಗುರುತಿಸುತ್ತಿದ್ದೆ.
ಇಪ್ಪತ್ತೆರಡು ವರ್ಷದ ಅವಳ ಹಗಲು
ನನಗೆ ಬರೀ ಹೊರಗೋಡೆ.

"ಸೂರು ತೆಗಿ."
ಅಂಟು ಒಣಗಿದೆ ಅವ್ವಾ.
"ತೆಗಿ."

ಬ್ಲೇಡು ಹಾಕಿ ಒಂದೊಂದೇ ಹಲ್ಲು ಕಿತ್ತೆ.
ಅವಳು ಹೇಳುತ್ತಾ ಹೋದಳು, ನಾನು ನೆಲಕ್ಕೆ ಪೆನ್ಸಿಲ್ ಇಟ್ಟೆ.
ಬೆಂಚು ಎರಡು ಸಾಲಲ್ಲ, ಮೂರು.
ಮೂರನೆಯದು ಜರಡಿಯ ಪಕ್ಕ, ಕೂತರೆ ಕಿವಿ ಮಂದ,
ಹೊಸಬರಿಗೆ ಅದೇ ಜಾಗ.
ಬೆಳಕು ಉತ್ತರದಿಂದ ಮಾತ್ರ, ಬಿಸಿಲು ಬಿದ್ದರೆ
ಬೀಜದ ಬಣ್ಣ ಸುಳ್ಳು ಹೇಳುತ್ತದಂತೆ.
ಗಾಜೆಲ್ಲ ಯಾಕೆ ಒಂದೇ ಕಡೆಗೆ ಅಂತ
ಅಷ್ಟೂ ಗಾಜು ಕತ್ತರಿಸಿಯೂ ನಾನು ಕೇಳಿರಲಿಲ್ಲ.
ನಾಲ್ಕನೇ ಕಂಬದ ಬುಡದಲ್ಲಿ ಹೂಜಿ.
ಜೈನಾಬಿ, ಲೂರ್ದು, ಚಿಕ್ಕತಾಯಿ, ನಡುವೆ ಇವಳು.
ಬಸುರಿಯರಿಗೆ ಗೋಡೆ ಬದಿ, ಒರಗಲಿಕ್ಕೆ.
"ನೀನಿದ್ದಾಗ ನಾನೂ ಅಲ್ಲೇ."

ಅಲ್ಲಿ ಒಂದು ಚುಕ್ಕಿ ಇಟ್ಟೆ.
ಪೆನ್ಸಿಲ್ ಎತ್ತಲು ಸ್ವಲ್ಪ ಹೊತ್ತಾಯಿತು.

ಮಾರನೆಯ ಭಾನುವಾರ
ಹೊಸದಾಗಿ ಕತ್ತರಿಸಿದ ನೂರಾ ಹನ್ನೆರಡು ಚೌಕಟ್ಟುಗಳನ್ನು
ಕೇಳದೆಯೇ ಮೊರಕ್ಕೆ ಸುರಿದುಕೊಂಡಳು.
ಕನ್ನಡಕ ಇಲ್ಲ, ಬೆರಳು ಸಾಕು.
ಮೂಲೆ ಹರಿದದ್ದು, ಅಂಟು ಮೆತ್ತಿದ್ದು,
ಕೂದಲೆಳೆಯಷ್ಟು ಓರೆಯಾದದ್ದು, ಎಲ್ಲ ಎಡಕ್ಕೆ.
ಎಡಗುಡ್ಡೆಯೇ ಬೆಳೆಯಿತು.
"ಕರಿಬೀಜ" ಅಂದಳು. "ಇದಕ್ಕೆ ಮೇಸ್ತ್ರಿ ಕೂಲಿ ಕೊಡ್ತಿರ್ಲಿಲ್ಲ."
ಮತ್ತೆ ಕತ್ತರಿಸಿದೆ. ಮತ್ತೆ ಆರಿಸಿದಳು.

ಬೆಂಚು ಕೂತಿತು, ಜರಡಿ ಕೂತಿತು,
ಅಕ್ಕಿಕಾಳಿನಷ್ಟು ಹೂಜಿಯೂ ಆಯಿತು.
ಇನ್ನು ಜನರನ್ನು ಮಾಡಲಾ ಅಂದೆ,
ಹೆಬ್ಬೆರಳುಗುರಿನಷ್ಟೆತ್ತರ ಬರುತ್ತಾರೆ.
"ಬೇಡ. ಎಲ್ಲರದೂ ತಲೆ ಬಗ್ಗಿಯೇ ಇರ್ತಿತ್ತು,
ಬೈತಲೆ ಬಿಟ್ರೆ ಏನು ಕಾಣುತ್ತೆ? ಬೀಜ ಮಾಡು."
ಬೀಜವಾ! ನೂರಕ್ಕೆ ಒಂದರಲ್ಲಿ
ಬೀಜವೆಂದರೆ ಕಣ್ಣಿಗೂ ಹತ್ತದ ಧೂಳು,
ಯಾವ ಕತ್ತರಿಯೂ ಅಲ್ಲಿಗೆ ಹೋಗುವುದಿಲ್ಲ.

ಒಲೆಯ ಮೇಲಿನ ಗೂಡಿಂದ ಡಬ್ಬಿ ತಂದಳು.
ಚಿಟಿಕೆ ಚಿಟಿಕೆ ಕಾಫಿಪುಡಿ
ಪ್ರತಿ ಬೆಂಚಿನ ಮೇಲೂ ಉದುರಿಸಿದಳು,
ಲೂರ್ದುವಿನ ಮುಂದೆ ತುಸು ಹೆಚ್ಚು, ಅವಳ ಕೈ ಬೇಗ.
ಸೂರು ಮುಚ್ಚಿದೆ, ಈ ಸಲ ಅಂಟಿಸಲಿಲ್ಲ.

ಬೆಳಿಗ್ಗೆ ಎದ್ದಾಗ ಅವ್ವ ಅದನ್ನು ಎತ್ತಿ
ಒಳಗೆ ಮೂಗಿಟ್ಟು ನಿಂತಿದ್ದಳು.
"ಚಿಕೋರಿ ಬೆರೆಸಿದಾನೆ ಕಣೋ,
ಕಳ್ಳ."